ಒಂದೇ ಲೆಕ್ಕ, ಮೂರು ಉತ್ತರ

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯ ಅಗುಳನ್ನೆಲ್ಲ ಹಿಸುಕಿ ನೋಡಬೇಕಾಗಿಲ್ಲ, ಒಂದಗುಳು ಸಾಕು. ಅಡುಗೆಮನೆಯ ಈ ಮಾತು ಎಲ್ಲರಿಗೂ ಗೊತ್ತು. ಆದರೆ ಒಲೆಗಳು ಮೂರಿದ್ದು, ಪಾತ್ರೆಗಳೂ ಮೂರಿದ್ದರೆ? ಅಕ್ಕಿ ಒಂದೇ ಚೀಲದ್ದು, ನೀರು ಒಂದೇ ಬಾವಿಯದು, ಅಳತೆಯೂ ಒಂದೇ ಎಂದಿಟ್ಟುಕೊಳ್ಳಿ. ಆದರೂ ಮೊದಲನೆಯ ಪಾತ್ರೆಯ ಅಗುಳನ್ನು ನೋಡಿ ಮೂರನೆಯ ಪಾತ್ರೆಯ ಅನ್ನವೂ ಬೆಂದಿದೆ ಎಂದು ಅಡುಗೆ ಬಲ್ಲ ಯಾರೂ ಹೇಳುವುದಿಲ್ಲ. ಉರಿ ಬೇರೆ, ಪಾತ್ರೆಯ ತಳ ಬೇರೆ.

ಗಣಕಗಳಿಗೆ ಕ್ರಮವಿಧಿ, ಅಂದರೆ ಪ್ರೋಗ್ರಾಂ, ಬರೆಯುವವರಲ್ಲಿ ಅನೇಕರು ಬಹಳ ಕಾಲ ಇದನ್ನು ಮರೆತಿದ್ದರು. "ನನ್ನ ಗಣಕದಲ್ಲಿ ಸರಿಯಾಗಿ ನಡೆಯಿತು" ಎಂಬುದೇ ಅವರಿಗೆ ಪ್ರಮಾಣಪತ್ರವಾಗಿತ್ತು. ಆದರೆ ಎಲ್ಲ ಗಣಕಗಳೂ ಒಂದೇ ಒಲೆಯಲ್ಲ. ಯಂತ್ರಕ್ಕೂ ಪ್ರೋಗ್ರಾಮಿಗೂ ನಡುವೆ ನಿಂತು ಕಡತಗಳನ್ನೂ ನೆನಪಿನ ಕೋಶವನ್ನೂ ನೋಡಿಕೊಳ್ಳುವ ಕಾರ್ಯಾಚರಣ ವ್ಯವಸ್ಥೆ ಒಂದೊಂದರಲ್ಲಿ ಒಂದೊಂದು. ಕೆಲವರದು ವಿಂಡೋಸ್, ಕೆಲವರದು ಮ್ಯಾಕ್, ಇನ್ನು ಕೆಲವರದು ಲಿನಕ್ಸ್. ಒಂದರಲ್ಲಿ ಬೆಂದದ್ದು ಇನ್ನೊಂದರಲ್ಲಿ ಬೆಂದಿರುತ್ತದೆಯೇ? 2019ರಲ್ಲಿ ರಸಾಯನಶಾಸ್ತ್ರದ ಒಂದು ಪ್ರಯೋಗಶಾಲೆ ಈ ಪ್ರಶ್ನೆಗೆ ಮರೆಯಲಾಗದ ಉತ್ತರ ನೀಡಿತು.

ಹವಾಯಿಯ ಪ್ರಯೋಗಶಾಲೆಯಲ್ಲಿ

ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳು ಅಮೆರಿಕದ ಒಂದು ರಾಜ್ಯ. ಅಲ್ಲಿನ ಹವಾಯಿ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ವಿಲಿಯಮ್ಸ್ ಅವರ ತಂಡ ಲೆಪ್ಟೊಲಿಂಗ್‌ಬ್ಯಾ ಎಂಬ ಸಯನೋಬ್ಯಾಕ್ಟೀರಿಯಾವನ್ನು ಅಭ್ಯಸಿಸುತ್ತಿತ್ತು. ಹಿಂದೆ ನೀಲಿ-ಹಸಿರು ಪಾಚಿ ಎಂದು ಪಠ್ಯಪುಸ್ತಕಗಳಲ್ಲಿ ಓದುತ್ತಿದ್ದ ಜೀವಿಗಳ ಗುಂಪು ಇದೇ. ಈ ಸೂಕ್ಷ್ಮಜೀವಿಗಳು ತಯಾರಿಸುವ ವಿಚಿತ್ರ ರಾಸಾಯನಿಕಗಳಲ್ಲಿ ಔಷಧಿಗೆ ಒದಗುವಂಥವೂ ಇರಬಹುದೆಂಬ ಆಸೆ ವಿಜ್ಞಾನಿಗಳದು. ಹೊಸ ರಾಸಾಯನಿಕ ದೊರೆತೊಡನೆ ಏಳುವ ಮೊದಲ ಪ್ರಶ್ನೆ ಒಂದೇ: ಇದರ ಅಣುವಿನ ರಚನೆ ಹೇಗಿದೆ?

ಅಣುವನ್ನು ಕಣ್ಣಿನಿಂದ ನೋಡಲಾಗದು. ಅದಕ್ಕೆಂದೇ ಎನ್ಎಂಆರ್ ಎಂಬ ವಿಧಾನವಿದೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟ ವಸ್ತುವಿನ ಮೇಲೆ ರೇಡಿಯೋ ತರಂಗ ಹಾಯಿಸಿದರೆ ಅದರ ಪರಮಾಣುಗಳ ಕೇಂದ್ರಗಳು ತಮ್ಮ ತಮ್ಮ ನೆರೆಹೊರೆಗೆ ತಕ್ಕಂತೆ ಉತ್ತರ ಕೊಡುತ್ತವೆ. ಆಸ್ಪತ್ರೆಗಳ ಎಂಆರ್ಐ ಸ್ಕ್ಯಾನಿಂಗ್ ನಡೆಯುವುದೂ ಇದೇ ತತ್ತ್ವದ ಮೇಲೆ. ಹೀಗೆ ದೊರೆತ ಅಂಕಿಗಳನ್ನು ಗಣಕದಲ್ಲಿ ಲೆಕ್ಕ ಹಾಕಿ ಪಡೆದ ಅಂಕಿಗಳೊಂದಿಗೆ ಹೋಲಿಸುತ್ತಾರೆ. ಯಾವ ಕಲ್ಪಿತ ರಚನೆಯ ಲೆಕ್ಕ ನಿಜವಾದ ಅಳತೆಗೆ ಹತ್ತಿರವೋ ಅದೇ ಅಣುವಿನ ರಚನೆ ಎಂದು ತೀರ್ಮಾನ.

ಈ ಲೆಕ್ಕಕ್ಕೆ ನೆರವಾಗಲು ಪ್ಯಾಟ್ರಿಕ್ ವಿಲೋಬಿ, ಮ್ಯಾಥ್ಯೂ ಜಾನ್ಸ್ಮ ಮತ್ತು ಥಾಮಸ್ ಹೋಯ್ ಎಂಬ ಅಮೆರಿಕದ ರಸಾಯನವಿಜ್ಞಾನಿಗಳು 2014ರಲ್ಲಿ 'ನೇಚರ್ ಪ್ರೋಟೋಕಾಲ್ಸ್' ಪತ್ರಿಕೆಯಲ್ಲಿ ವಿವರವಾದ ಕ್ರಮವೊಂದನ್ನು ಪ್ರಕಟಿಸಿದ್ದರು. ಅದರ ಜೊತೆಗೆ ಪೈತಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳನ್ನೂ ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದರು. ಹಲವು ದೇಶಗಳ ಸಂಶೋಧಕರು ಅದನ್ನು ನಂಬಿ ಬಳಸಿದರು.

ಹವಾಯಿಯ ತಂಡವೂ ಬಳಸಿತು. ಆದರೆ ತಂಡದ ಸಂಶೋಧನ ವಿದ್ಯಾರ್ಥಿಯೊಬ್ಬರು ಲೆಕ್ಕವನ್ನು ಇನ್ನೊಂದು ಗಣಕದಲ್ಲಿ ಮತ್ತೆ ಹಾಕಿದಾಗ ಉತ್ತರ ತಾಳೆಯಾಗಲಿಲ್ಲ. ಪ್ರೋಗ್ರಾಂ ಅದೇ. ಕಡತಗಳೂ ಅವೇ. ತಂಡ ಕುಳಿತು ಬೇರೆ ಬೇರೆ ಗಣಕಗಳಲ್ಲಿ ನೋಡಿತು. ಒಂದು ಉದಾಹರಣೆಯ ಲೆಕ್ಕಕ್ಕೆ ವಿಂಡೋಸ್ 10ರಲ್ಲಿಯೂ ಮ್ಯಾವರಿಕ್ಸ್ ಎಂಬ ಹಳೆಯ ಮ್ಯಾಕ್ ವ್ಯವಸ್ಥೆಯಲ್ಲಿಯೂ 173.2 ಎಂಬ ಸರಿಯಾದ ಉತ್ತರ ಬಂತು. ಮೊಹಾವೆ ಎಂಬ ಹೊಸ ಮ್ಯಾಕ್ ವ್ಯವಸ್ಥೆ ಮತ್ತು ಉಬುಂಟು ಎಂಬ ಲಿನಕ್ಸ್, ಈ ಎರಡರಲ್ಲಿ 172.4, 172.7 ಎಂಬ ಬೇರೆ ಬೇರೆ ಉತ್ತರಗಳು ಬಂದವು. ಒಂದೇ ಲೆಕ್ಕ, ಮೂರು ಉತ್ತರ!

ಪ್ರೋಗ್ರಾಂ ನಡುವೆ ನಿಂತಿರಲಿಲ್ಲ. ದೋಷವಿದೆ ಎಂಬ ಸೂಚನೆಯನ್ನೂ ಕೊಟ್ಟಿರಲಿಲ್ಲ. ತಪ್ಪು ಉತ್ತರವನ್ನು ಸರಿಯಾದ ಉತ್ತರದಷ್ಟೇ ಧೈರ್ಯದಿಂದ ಅಚ್ಚು ಹಾಕಿತ್ತು. ಭಯವಿರುವುದು ಇಲ್ಲಿಯೇ. ಅಣುವಿನ ರಚನೆಯನ್ನು ತಪ್ಪಾಗಿ ತೀರ್ಮಾನಿಸಿದರೆ, ಅದನ್ನು ತಯಾರಿಸಲು ಹೊರಟ ಇನ್ನಾರೋ ವಿದ್ಯಾರ್ಥಿಯ ವರ್ಷಗಟ್ಟಲೆ ದುಡಿಮೆ ನೀರಿನಲ್ಲಿ ಹೋಮವಾಗುತ್ತದೆ.

ಅಂಕಪಟ್ಟಿಯ ಉದಾಹರಣೆ

ದೋಷ ಎಲ್ಲಿತ್ತು? ಅಣು ಗಟ್ಟಿ ಬೊಂಬೆಯಲ್ಲ. ಬಂಧಗಳ ಸುತ್ತ ಹೊರಳಿ ಹಲವು ಭಂಗಿಗಳನ್ನು ತಾಳುತ್ತದೆ. ಕಡಿಮೆ ಶಕ್ತಿಯ ಭಂಗಿಯಲ್ಲಿ ಹೆಚ್ಚು ಅಣುಗಳಿರುತ್ತವೆ. ಆದ್ದರಿಂದ ಸರಾಸರಿ ತೆಗೆಯುವಾಗ ಆ ಭಂಗಿಗೆ ಹೆಚ್ಚಿನ ತೂಕ ಕೊಡಬೇಕು. ಪ್ರತಿಯೊಂದು ಭಂಗಿಗೂ ಎರಡು ಕಡತಗಳಿದ್ದವು. ಒಂದರಲ್ಲಿ ಶಕ್ತಿಯ ಅಂಕಿ, ಇನ್ನೊಂದರಲ್ಲಿ ಎನ್ಎಂಆರ್ ಅಂಕಿ. ಪ್ರೋಗ್ರಾಂ ಈ ಜೋಡಿಗಳನ್ನು ಕೂಡಿಸಿ ಸರಾಸರಿ ತೆಗೆಯಬೇಕಿತ್ತು.

ಇದನ್ನು ಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಒಬ್ಬ ಗುಮಾಸ್ತರ ಬಳಿ ಎರಡು ಹಾಳೆಗಳಿವೆ. ಒಂದರಲ್ಲಿ ಮಕ್ಕಳ ಹೆಸರು, ಇನ್ನೊಂದರಲ್ಲಿ ಅಂಕಗಳು. ಎರಡೂ ಹಾಜರಿ ಕ್ರಮದಲ್ಲಿಯೇ ಇವೆ ಎಂದು ನಂಬಿ ಅವರು ಮೊದಲ ಹೆಸರಿನ ಮುಂದೆ ಮೊದಲ ಅಂಕ, ಎರಡನೆಯದರ ಮುಂದೆ ಎರಡನೆಯದು ಎಂದು ಬರೆಯುತ್ತ ಹೋಗುತ್ತಾರೆ. ಅಂಕಗಳ ಹಾಳೆ ಬೇರೆ ಕ್ರಮದಲ್ಲಿದ್ದರೆ? ಹೆಸರುಗಳ ಸಂಖ್ಯೆ ಸರಿಯಾಗಿರುತ್ತದೆ, ಅಂಕಗಳ ಮೊತ್ತವೂ ಸರಿಯಾಗಿರುತ್ತದೆ. ಆದರೆ ರಾಮನ ಅಂಕ ಭೀಮನಿಗೆ ಹೋಗಿರುತ್ತದೆ. ಪಟ್ಟಿ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ.

ಕಡತಗಳ ಪಟ್ಟಿಯನ್ನು ಕೊಡು ಎಂದು ಪ್ರೋಗ್ರಾಂ ಕೇಳಿದಾಗ ಕಾರ್ಯಾಚರಣ ವ್ಯವಸ್ಥೆ ಕೊಡುತ್ತದೆ. ಯಾವ ಕ್ರಮದಲ್ಲಿ? ವಿಂಡೋಸಿನ ಕಡತವ್ಯವಸ್ಥೆ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟುಕೊಳ್ಳುತ್ತದೆ. ಮ್ಯಾಕ್ ಗಣಕಗಳ ಹಳೆಯ ಕಡತವ್ಯವಸ್ಥೆಯೂ ಹಾಗೆಯೇ ಮಾಡುತ್ತಿತ್ತು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ವ್ಯವಸ್ಥೆ ಮಾತ್ರ ಬೇಗ ಹುಡುಕಲು ಅನುಕೂಲವಾಗುವಂತೆ ಬೇರೊಂದು ಗಣಿತಸೂತ್ರದ ಪ್ರಕಾರ ಜೋಡಿಸುತ್ತದೆ. ಅದರ ಪಟ್ಟಿ ಅಕಾರಾದಿಯಾಗಿ ಬರುವುದಿಲ್ಲ. ಪೈತಾನ್ ಭಾಷೆಯ ಕೈಪಿಡಿಯೂ ಇಂಥ ಪಟ್ಟಿಗೆ ನಿಶ್ಚಿತ ಕ್ರಮವಿಲ್ಲವೆಂದೇ ಹೇಳುತ್ತದೆ. ಪ್ರೋಗ್ರಾಂ ಮಾತ್ರ ಪಟ್ಟಿ ಕ್ರಮವಾಗಿಯೇ ಬರುತ್ತದೆ ಎಂದು ನಂಬಿತ್ತು. ತಿದ್ದುಪಡಿಯ ತಿರುಳು ಬಹಳ ಚಿಕ್ಕದು: ಪಟ್ಟಿ ಕೈಗೆ ಬಂದೊಡನೆ ಅದನ್ನು ಅಕಾರಾದಿಯಾಗಿ ವಿಂಗಡಿಸಿಕೊ.

ತಪ್ಪು ಯಾರದು?

ಮೂಲ ಲೇಖಕರು ಅಜಾಗರೂಕರೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಸರಿಯಾದ ಉತ್ತರ ಕೊಟ್ಟ ಮ್ಯಾವರಿಕ್ಸ್ ಬಂದದ್ದು 2013ರಲ್ಲಿ. ಆ ಕಾಲದ ಮ್ಯಾಕ್‌ನಲ್ಲಿ ಪಟ್ಟಿ ಕ್ರಮವಾಗಿಯೇ ಬರುತ್ತಿತ್ತು. 2017ರಿಂದ ಆಪಲ್ ಸಂಸ್ಥೆ ತನ್ನ ಗಣಕಗಳಿಗೆ ಹೊಸ ಕಡತವ್ಯವಸ್ಥೆಯನ್ನು ತಂದಿತು. 2018ರ ಮೊಹಾವೆಯಲ್ಲಿ ಅದೇ ಎಲ್ಲೆಡೆ ನೆಲೆಯಾಯಿತು. ಅದು ಪಟ್ಟಿಯನ್ನು ಅಕಾರಾದಿಯಾಗಿ ಕೊಡಬೇಕಾಗಿರಲಿಲ್ಲ, ಕೊಡಲೂ ಇಲ್ಲ. ಪ್ರೋಗ್ರಾಮಿನ ಒಂದಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ. ಆದರೂ ನಿನ್ನೆ ಸರಿಯಾಗಿದ್ದ ಪ್ರೋಗ್ರಾಂ ಇಂದು ತಪ್ಪಾಯಿತು. ಮನೆ ಅಲುಗಿದ್ದಲ್ಲ, ಕೆಳಗಿನ ನೆಲ ಸರಿದದ್ದು.

ಹವಾಯಿಯ ತಂಡ ದೋಷವನ್ನೂ ಅದನ್ನು ತಿದ್ದುವ ಬಗೆಯನ್ನೂ 2019ರಲ್ಲಿ 'ಆರ್ಗ್ಯಾನಿಕ್ ಲೆಟರ್ಸ್' ಎಂಬ ಸಂಶೋಧನ ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರಕಟಿಸಿತು. ನೂರೈವತ್ತಕ್ಕೂ ಹೆಚ್ಚು ಪ್ರಬಂಧಗಳ ಮೇಲೆ ಇದರ ನೆರಳು ಬಿದ್ದಿರಬಹುದೆಂದು ಆಗಿನ ವರದಿಗಳು ಹೇಳಿದವು. ಅವೆಲ್ಲವೂ ತಪ್ಪೆಂದು ಇದರ ಅರ್ಥವಲ್ಲ. ಆದರೆ ಯಾವುದು ಸರಿ, ಯಾವುದು ತಪ್ಪು ಎಂದು ಮತ್ತೆ ನೋಡಬೇಕಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಬಿಡುವಿಲ್ಲದ ಪರೀಕ್ಷಕ

ಹಾಗಾದರೆ ಪ್ರೋಗ್ರಾಂ ಬರೆದವರು ಮೂರು ಬಗೆಯ ಗಣಕಗಳನ್ನು ಕೊಂಡು, ದಿನಕ್ಕೆ ಹತ್ತು ಸಲ ಮೂರರಲ್ಲೂ ಕುಳಿತು ಪರೀಕ್ಷಿಸಬೇಕೇ? ಮನುಷ್ಯನಿಂದ ಆಗದ ಮಾತು. ಮೊದಲ ವಾರ ಮಾಡಿಯಾರು, ಎರಡನೆಯ ವಾರ ಬೇಸರ ಬರುತ್ತದೆ. ಬೇಸರವಿಲ್ಲದ ಕೆಲಸಗಾರನೆಂದರೆ ಗಣಕವೇ. ಪರೀಕ್ಷೆಯ ಕೆಲಸವನ್ನೂ ಅದಕ್ಕೇ ವಹಿಸುವ ಪದ್ಧತಿಯ ಹೆಸರು 'ಕಂಟಿನ್ಯೂಯಸ್ ಇಂಟಿಗ್ರೇಷನ್', ಚುಟುಕಾಗಿ ಸಿಐ. ಕನ್ನಡದಲ್ಲಿ ನಿರಂತರ ಜೋಡಣೆ ಎನ್ನಬಹುದು.

ಹೆಸರು ಬಂದದ್ದು ಹೀಗೆ. ದೊಡ್ಡ ತಂತ್ರಾಂಶವನ್ನು ಹಲವರು ತುಂಡು ತುಂಡಾಗಿ ಬರೆಯುತ್ತಾರೆ. ಹಿಂದೆ ತಿಂಗಳುಗಟ್ಟಲೆ ಪ್ರತ್ಯೇಕವಾಗಿ ಬರೆದು ಕೊನೆಗೆ ಒಟ್ಟಿಗೆ ಜೋಡಿಸುತ್ತಿದ್ದರು. ಆಗ ಬಾಗಿಲು ಚೌಕಟ್ಟಿಗೆ ಕೂರದು, ಕಿಟಕಿ ಗೋಡೆಗೆ ಕೂರದು ಎಂಬಂಥ ಸ್ಥಿತಿ. ಅದರ ಬದಲು ಆಗಾಗ, ಸಣ್ಣ ಸಣ್ಣ ಬದಲಾವಣೆಗೂ, ಜೋಡಿಸಿ ಪರೀಕ್ಷಿಸಿದರೆ ತಪ್ಪು ಚಿಕ್ಕದಿರುವಾಗಲೇ ಸಿಕ್ಕಿಬೀಳುತ್ತದೆ. 1991ರಲ್ಲಿ ಗ್ರೇಡಿ ಬೂಚ್ ಈ ಪದವನ್ನು ಬಳಸಿದರು. 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತು ಅವರ ಸಂಗಡಿಗರು ಅದನ್ನು ನಿತ್ಯದ ಅಭ್ಯಾಸವಾಗಿಸಿದರು. 2001ರಲ್ಲಿ 'ಕ್ರೂಸ್ ಕಂಟ್ರೋಲ್' ಎಂಬ ಸಾಧನ ಬಂತು. ಕೊಸುಕೆ ಕವಾಗುಚಿ ಅವರು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದಾಗ ಆರಂಭಿಸಿದ 'ಹಡ್ಸನ್' 2011ರಲ್ಲಿ 'ಜೆಂಕಿನ್ಸ್' ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರೂ ಬಗೆಯ ಗಣಕಗಳನ್ನು ಇಂಟರ್‌ನೆಟ್ ಮೂಲಕ ಕೆಲವು ನಿಮಿಷಗಳ ಮಟ್ಟಿಗೆ ಎರವಲು ಪಡೆಯುವ ಸೌಲಭ್ಯವೂ ಬಂದಿದೆ. 2019ರಲ್ಲಿ ಗಿಟ್‌ಹಬ್ ಇಂಥದೊಂದು ಸೇವೆ ತೆರೆದ ಮೇಲೆ ವಿದ್ಯಾರ್ಥಿಗಳಿಗೂ ಇದು ಕೈಗೆಟುಕಿತು.

ಯಾವುದು ಮೊದಲು, ಯಾವುದು ಆಮೇಲೆ?

ಮೂರು ಗಣಕ ಸಿಕ್ಕಿದರೆ ಸಾಲದು. ಕೆಲಸವನ್ನು ಯಾವ ಕ್ರಮದಲ್ಲಿ ಹಚ್ಚಬೇಕು ಎಂಬುದರಲ್ಲಿಯೇ ಜಾಣತನವಿದೆ. ಅನುಭವಸ್ಥರು ಅನುಸರಿಸುವ ಮೆಟ್ಟಿಲುಗಳು ಹೀಗಿವೆ.

ಮೊದಲನೆಯದಾಗಿ, ಪ್ರತಿ ಸಲವೂ ಶುದ್ಧವಾದ ಗಣಕದಿಂದ ಆರಂಭ. ಟೈಟ್ರೇಷನ್ ಮಾಡುವ ಮುನ್ನ ಬ್ಯೂರೆಟ್ ತೊಳೆಯುವಂತೆಯೇ ಇದು. ಹಿಂದಿನ ಪ್ರಯೋಗದ ಉಳಿಕೆ ಇದ್ದರೆ ಇಂದಿನ ಉತ್ತರಕ್ಕೆ ಬೆಲೆಯಿಲ್ಲ. ಬಳಸುವ ಸಾಧನಗಳ ಆವೃತ್ತಿ ಯಾವುದೆಂದು ಮೊದಲೇ ಬರೆದಿಟ್ಟು ಅದನ್ನೇ ಸ್ಥಾಪಿಸಬೇಕು.

ಎರಡನೆಯದು, ಅಗ್ಗದ ಪರೀಕ್ಷೆ ಮೊದಲು. ಆವರಣಚಿಹ್ನೆ ಬಿಟ್ಟುಹೋಗಿದೆಯೇ, ಅಕ್ಷರದೋಷವಿದೆಯೇ ಎಂಬುದನ್ನು ನೋಡಲು ಕೆಲವು ಕ್ಷಣ ಸಾಕು. ಈ ಉತ್ತರ ಕಾರ್ಯಾಚರಣ ವ್ಯವಸ್ಥೆಯನ್ನು ಅವಲಂಬಿಸಿಲ್ಲ. ಆದ್ದರಿಂದ ಒಂದೇ ಗಣಕದಲ್ಲಿ ಒಂದೇ ಸಲ ನೋಡಿದರಾಯಿತು. ಸಾಮಾನ್ಯವಾಗಿ ಲಿನಕ್ಸನ್ನು ಇದಕ್ಕೆ ಬಳಸುತ್ತಾರೆ. ಅದರ ಬಾಡಿಗೆ ಕಡಿಮೆ. ಇಲ್ಲಿಯೇ ಅನುತ್ತೀರ್ಣವಾದರೆ ಮುಂದಿನ ದುಬಾರಿ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ.

ಮೂರನೆಯದು, ಕಟ್ಟುವ ಕೆಲಸ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದಕ್ಕೆ 'ಬಿಲ್ಡ್' ಎನ್ನುತ್ತಾರೆ. ಇದು ಮೂರು ವ್ಯವಸ್ಥೆಗಳಲ್ಲಿಯೂ ನಡೆಯಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು. ವಿಂಡೋಸಿಗೆ ಒಂದು ಅಡುಗೆ ಚೀಟಿ, ಮ್ಯಾಕಿಗೆ ಇನ್ನೊಂದು, ಲಿನಕ್ಸಿಗೆ ಮತ್ತೊಂದು ಎಂದು ಬರೆದಿಟ್ಟರೆ ಕೆಲವು ತಿಂಗಳಲ್ಲಿ ಮೂರೂ ಮೂರು ದಿಕ್ಕಿಗೆ ಹೋಗುತ್ತವೆ. ಮೂರು ಕಡೆಯೂ ನಡೆಯುವ ಒಂದೇ ಚೀಟಿ ಇರಬೇಕು. ಅನಿವಾರ್ಯವಾದ ಕಡೆ ಮಾತ್ರ ವ್ಯತ್ಯಾಸ.

ನಾಲ್ಕನೆಯದು, ಪರೀಕ್ಷೆ. ಉತ್ತರ ಮೊದಲೇ ಗೊತ್ತಿರುವ ಸಣ್ಣ ಲೆಕ್ಕಗಳನ್ನು ಮೂರು ಕಡೆಯೂ ಹಾಕಿಸಿ ತಾಳೆ ನೋಡಬೇಕು. ಮೂರು ಕಾರ್ಯಾಚರಣ ವ್ಯವಸ್ಥೆ, ಪೈತಾನಿನ ನಾಲ್ಕು ಆವೃತ್ತಿ ಎಂದರೆ 3 × 4 = 12 ಪರೀಕ್ಷೆಗಳು. ಗಣಿತದ ಪಾಠದಲ್ಲಿ ಬರುವ ಮಾತೃಕೆಯಂತೆ ಸಾಲು-ಕಂಬಗಳಲ್ಲಿ ನಿಲ್ಲುವುದರಿಂದ ಇದಕ್ಕೆ 'ಮ್ಯಾಟ್ರಿಕ್ಸ್' ಎಂದೇ ಹೆಸರು. ಒಂದು ಮನೆಯಲ್ಲಿ ತಪ್ಪು ಬಂದೊಡನೆ ಉಳಿದವನ್ನು ನಿಲ್ಲಿಸಿಬಿಡುವ ಏರ್ಪಾಡೂ ಉಂಟು. ಅದರಿಂದ ಸಮಯ ಉಳಿಯುತ್ತದೆ. ಆದರೆ ರೋಗ ಯಾವುದೆಂದು ತಿಳಿಯಬೇಕಾದಾಗ ಹನ್ನೆರಡನ್ನೂ ಕೊನೆಯವರೆಗೆ ನಡೆಯಲು ಬಿಡಬೇಕು. ವಿಂಡೋಸಿನಲ್ಲಿ ಸರಿ, ಲಿನಕ್ಸಿನಲ್ಲಿ ತಪ್ಪು ಎಂಬ ಹೋಲಿಕೆಯೇ ಅರ್ಧ ಉತ್ತರ.

ಐದನೆಯದು, ಎಲ್ಲ ಮನೆಗಳೂ ಹಸಿರಾದ ಮೇಲಷ್ಟೇ ಪೊಟ್ಟಣ ಕಟ್ಟಿ ಬಳಕೆದಾರರಿಗೆ ಕೊಡುವುದು. ಒಂದು ಕೆಂಪಾಗಿದ್ದರೂ ಬಾಗಿಲು ಮುಚ್ಚಿರಬೇಕು.

ಆರನೆಯದು ಬಹಳ ಜನ ಮರೆಯುವ ಮೆಟ್ಟಿಲು. ಪ್ರೋಗ್ರಾಮಿನಲ್ಲಿ ಏನೂ ಬದಲಾಗದಿದ್ದರೂ ವಾರಕ್ಕೊಮ್ಮೆ ಇಡೀ ಪರೀಕ್ಷೆ ಮತ್ತೆ ನಡೆಯುವಂತೆ ವೇಳೆ ಗೊತ್ತುಮಾಡಬೇಕು. ಹೊಸ ಕಾರ್ಯಾಚರಣ ವ್ಯವಸ್ಥೆ ಬಂದಾಗ ಅದನ್ನೂ ಮ್ಯಾಟ್ರಿಕ್ಸಿಗೆ ಸೇರಿಸಬೇಕು. ಮನೆ ಅಲುಗದೆ ನೆಲ ಸರಿದಾಗ ಹಿಡಿಯುವುದು ಈ ಮೆಟ್ಟಿಲು ಮಾತ್ರ. 173.2 ಎಂಬ ಗೊತ್ತಿರುವ ಉತ್ತರವನ್ನಿಟ್ಟುಕೊಂಡು ಮೂರು ವ್ಯವಸ್ಥೆಗಳಲ್ಲಿ ಇಂಥದೊಂದು ಪರೀಕ್ಷೆ ನಡೆಯುತ್ತಿದ್ದರೆ, ಮೊಹಾವೆ ಸೇರಿದ ದಿನವೇ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಲಿನಕ್ಸ್ ಇದ್ದಿದ್ದರೆ ಇನ್ನೂ ಮೊದಲೇ.

ಕನ್ನಡದ ಕಡತಕ್ಕೂ ತೊಡಕು

ಕಡತಗಳ ಕ್ರಮವೊಂದೇ ಅಲ್ಲ, ಇಂಥ ವ್ಯತ್ಯಾಸಗಳು ಇನ್ನೂ ಇವೆ. 'ಎ' ದೊಡ್ಡಕ್ಷರದ ಕಡತ ಮತ್ತು 'ಎ' ಚಿಕ್ಕಕ್ಷರದ ಕಡತ ಲಿನಕ್ಸಿಗೆ ಎರಡು. ವಿಂಡೋಸಿಗೂ ಮ್ಯಾಕಿಗೂ ಸಾಮಾನ್ಯವಾಗಿ ಒಂದೇ. ಸಾಲು ಮುಗಿಯಿತು ಎನ್ನಲು ವಿಂಡೋಸ್ ಎರಡು ಗುರುತು ಹಾಕುತ್ತದೆ, ಉಳಿದೆರಡು ಒಂದೇ ಗುರುತು ಹಾಕುತ್ತವೆ. ಬಂಡಿಯನ್ನು ಎಡಕ್ಕೆ ತಳ್ಳುವುದು, ಕಾಗದವನ್ನು ಒಂದು ಸಾಲು ಸರಿಸುವುದು ಎಂಬ ಟೆಲಿಪ್ರಿಂಟರ್ ಕಾಲದ ಎರಡು ಕೆಲಸಗಳ ನೆನಪು ಅದು.

ಕನ್ನಡಿಗರಿಗೆ ಮುಖ್ಯವಾದದ್ದು ಇನ್ನೊಂದು. ಯುನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಯುಟಿಎಫ್-8 ಎಂಬ ರೂಪದಲ್ಲಿ ಮೂರು ಬೈಟ್ ಜಾಗ ಹಿಡಿಯುತ್ತದೆ. ಕಡತದ ಅಕ್ಷರರೂಪ ಯಾವುದೆಂದು ಪ್ರೋಗ್ರಾಂ ಹೇಳದಿದ್ದರೆ ಲಿನಕ್ಸ್, ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಎಂದೇ ಹಿಡಿಯುತ್ತವೆ. ವಿಂಡೋಸಿನಲ್ಲಿ ಪೈತಾನಿನ ಅನೇಕ ಆವೃತ್ತಿಗಳು ಐರೋಪ್ಯ ಅಕ್ಷರಗಳಿಗಾಗಿ ಮಾಡಿದ ಹಳೆಯ ಕೋಷ್ಟಕವನ್ನು ಹಿಡಿದುಕೊಳ್ಳುತ್ತವೆ. ಕನ್ನಡದ ಪದ್ಯವೋ ಮಕ್ಕಳ ಹೆಸರಿನ ಪಟ್ಟಿಯೋ ಅಲ್ಲಿ ಗೋಜಲಾಗಿ ಕಾಣುತ್ತದೆ, ಇಲ್ಲವೇ ಪ್ರೋಗ್ರಾಂ ನಿಂತುಬಿಡುತ್ತದೆ. ಇಂಗ್ಲಿಷ್ ಪಠ್ಯದಿಂದಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಕಾಣಿಸುವುದೇ ಇಲ್ಲ. ಪರೀಕ್ಷೆಯ ಲೆಕ್ಕಗಳಲ್ಲಿ 'ಜ್ಞಾನ', 'ಶ್ರೀ' ಎಂಬಂಥ ಒಂದೆರಡು ಕನ್ನಡ ಪದ ಸೇರಿಸಿಡುವುದು ಕನ್ನಡಿಗ ವಿದ್ಯಾರ್ಥಿಗಳು ಮಾಡಬಹುದಾದ ಒಳ್ಳೆಯ ಕೆಲಸ.

ಇದರ ಮಿತಿ

ಸಿಐ ಮಂತ್ರದಂಡವಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರ ಕೊಡದು. ಗೊತ್ತಿರುವ ಉತ್ತರವೇ ತಪ್ಪಾಗಿದ್ದರೆ ಮೂರು ಗಣಕಗಳೂ ತಪ್ಪಿಗೇ ಹಸಿರು ದೀಪ ತೋರಿಸುತ್ತವೆ. ಒಮ್ಮೆ ಕೆಂಪು, ಒಮ್ಮೆ ಹಸಿರು ಆಗುವ ಚಂಚಲ ಪರೀಕ್ಷೆಗಳೂ ಇರುತ್ತವೆ. ಅವನ್ನು ತಿದ್ದದೆ "ಇನ್ನೊಮ್ಮೆ ಓಡಿಸಿದರಾಯಿತು" ಎಂದು ರೂಢಿ ಮಾಡಿಕೊಂಡರೆ ನಿಜವಾದ ಕೆಂಪು ದೀಪವನ್ನೂ ಯಾರೂ ಲೆಕ್ಕಿಸುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು ಎಂಬ ವಿವೇಕ ಮನುಷ್ಯನದೇ. ಹವಾಯಿಯಲ್ಲಿ ದೋಷ ಹಿಡಿದದ್ದು ಯಂತ್ರವಲ್ಲ. ಅದೇ ಲೆಕ್ಕವನ್ನು ಇನ್ನೊಂದು ಗಣಕದಲ್ಲಿ ಮತ್ತೆ ಹಾಕಿ ನೋಡಿದ ವಿದ್ಯಾರ್ಥಿ.

ಮಾಡಿ ನೋಡಿ

ಶಾಲೆಯಲ್ಲಿಯೋ ಮನೆಯಲ್ಲಿಯೋ ವಿಂಡೋಸ್ ಗಣಕವಿದ್ದರೆ ಒಂದು ಹೊಸ ಫೋಲ್ಡರಿನಲ್ಲಿ 1, 2, 10 ಎಂಬ ಹೆಸರಿನ ಮೂರು ಖಾಲಿ ಕಡತಗಳನ್ನು ಮಾಡಿ. ಫೋಲ್ಡರ್ ತೆರೆದು ಹೆಸರಿನ ಕ್ರಮದಲ್ಲಿ ನೋಡಿದರೆ 1, 2, 10 ಎಂದು ಕಾಣುತ್ತದೆ. ಈಗ ಅದೇ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಡಿ, ಐ, ಆರ್ ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿ ಎಂಟರ್ ಮಾಡಿ. ಕ್ರಮ 1, 10, 2 ಆಗಿರುತ್ತದೆ! ಮೊದಲನೆಯದು ಸಂಖ್ಯೆ ಎಂದು ಓದಿತು, ಎರಡನೆಯದು ಅಕ್ಷರವೆಂದು ಓದಿತು. ಒಂದೇ ಗಣಕದೊಳಗೇ ಎರಡು ಕ್ರಮ. ಹೀಗಿರುವಾಗ ಬೇರೆ ಬೇರೆ ಗಣಕಗಳಲ್ಲಿ ಕ್ರಮ ಒಂದೇ ಇರಬೇಕೆಂದು ಹೇಗೆ ನಂಬುವುದು?

ಮಗ ಅಥವಾ ಮಗಳು ಪ್ರೋಗ್ರಾಂ ಬರೆದು "ಸರಿಯಾದ ಉತ್ತರ ಬಂತು" ಎಂದು ಓಡಿಬಂದಾಗ ತಂದೆತಾಯಿಗಳು ಬೆನ್ನು ತಟ್ಟಲಿ. ತಟ್ಟಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿ: "ಪಕ್ಕದ ಮನೆಯ ಗಣಕದಲ್ಲಿಯೂ ಇದೇ ಉತ್ತರ ಬರುತ್ತದೆಯೇ, ಮಗು?" ಈ ಪ್ರಶ್ನೆ ಕೇಳಲು ಗಣಕವಿಜ್ಞಾನ ಓದಿರಬೇಕಾಗಿಲ್ಲ, ಮೂರು ಒಲೆಯ ಮೇಲೆ ಅನ್ನಕ್ಕಿಟ್ಟು ಗೊತ್ತಿದ್ದರೆ ಸಾಕು.